ಎರಡನೇ ದಾರಿ ಇಲ್ಲದ ಹಣ

1997ರಲ್ಲಿ ನಂದಿದುರ್ಗ ಗಣಿಯಿಂದ ಸ್ವಯಂನಿವೃತ್ತಿ ಪಡೆದು ಬಂಗಾರಪೇಟೆಯ ಮನೆ ಸೇರಿದ ಫಿಟ್ಟರೊಬ್ಬರು, ಒಟ್ಟಿಗೆ ಕೈಗೆ ಬಂದ ಹಣವನ್ನು ಮೂರು ದಿನ ಬ್ಯಾಂಕಿನಿಂದ ಅಲುಗಾಡಿಸಲಿಲ್ಲ. ಇಪ್ಪತ್ತೆಂಟು ವರ್ಷ ಭೂಮಿಯೊಳಗೆ ಇಳಿದು ಹತ್ತಿದ್ದಕ್ಕೆ ಸಿಕ್ಕ ಹಣ. ಪಾಸ್‌ಬುಕ್ಕನ್ನು ದಿನಕ್ಕೆರಡು ಸಲ ತೆಗೆದು ನೋಡಿ ದೇವರ ಗೂಡಿನಲ್ಲಿಡುತ್ತಿದ್ದರು. ನಾಲ್ಕನೆಯ ದಿನ ಏಜೆಂಟ್ ಬಂದ.

“ಅಣ್ಣಾ, ಬ್ಯಾಂಕಿನೋರು ಕೊಡೋದಕ್ಕಿಂತ ಜಾಸ್ತಿ. ಸಂಬಳ ಬಂದಂಗೆ ತಿಂಗಳು ತಿಂಗಳು ಬರ್ತದೆ. ಐದು ವರ್ಷ ಕಣ್ಮುಚ್ಚಿ ಕೂತ್ಕೊಳ್ಳಿ, ಆಮೇಲೆ ಅಸಲು ನಿಮ್ದೇ.”

ಬಾಗಿಲ ಬಳಿ ನಿಂತಿದ್ದ ಮನೆಯಾಕೆ ಕೇಳಿದರು: “ಮಧ್ಯದಾಗೆ ಹುಡುಗಿ ಮದುವೆ ಬಂದ್ರೆ?”

ಏಜೆಂಟ್ ಬಾಯಲ್ಲಿದ್ದ ಕಾಫಿ ನುಂಗಿ, “ಅದಕ್ಕೂ ಒಂದು ದಾರಿ ಇರ್ತದೆ ಅಕ್ಕಾ” ಎಂದ. ಯಾವ ದಾರಿ ಎಂದು ಯಾರೂ ಕೇಳಲಿಲ್ಲ. ಅರ್ಧ ಹಣ ಯೂನಿಟ್ ಟ್ರಸ್ಟಿನ ಮಾಸಿಕ ಆದಾಯ ಯೋಜನೆಗೆ ಹೋಯಿತು. ತಿಂಗಳ ತಾರೀಖು ಹಾಕಿದ ವಾರಂಟುಗಳ ಕಟ್ಟು ಅಂಚೆಯಲ್ಲಿ ಬಂದಾಗ ಮನೆಯಲ್ಲಿ ಪಾಯಸವೂ ಆಯಿತು.

ಇಂಥ ಯೋಜನೆಗಳಿಗೆ ‘ಕ್ಲೋಸ್ಡ್ ಎಂಡ್’ ಎಂದು ಹೆಸರು. ಕೆಲವು ದಿನ ಮಾತ್ರ ಬಾಗಿಲು ತೆರೆದು ಜನರಿಂದ ಹಣ ಕೂಡಿಸುತ್ತಾರೆ. ಆಮೇಲೆ ಬಾಗಿಲು ಮುಚ್ಚಿ, ಆ ಹಣದಲ್ಲಿ ಕಂಪನಿಗಳ ಸಾಲಪತ್ರ, ಅಂದರೆ ಬಾಂಡುಗಳನ್ನು ಕೊಳ್ಳುತ್ತಾರೆ. ಬಂದ ಬಡ್ಡಿಯನ್ನು ಹಂಚುತ್ತಾರೆ. ಗೊತ್ತುಪಡಿಸಿದ ದಿನ ಬಾಗಿಲು ತೆರೆದು, ಒಳಗೆ ಉಳಿದಿರುವುದನ್ನು ಕೊಡುತ್ತಾರೆ. ಇದರಲ್ಲಿ ಒಳ್ಳೆಯ ಗುಣವೂ ಇದೆ. ಬಾಂಡುಗಳ ಅವಧಿಯೂ ಯೋಜನೆಯ ಅವಧಿಯೂ ಒಂದೇ ದಿನ ಮುಗಿಯುವಂತಿದ್ದರೆ, ನಡುವೆ ಪೇಟೆಯ ಬಡ್ಡಿದರ ಏರಲಿ ಇಳಿಯಲಿ, ಕೊನೆಯವರೆಗೆ ಕೂತವನಿಗೆ ಅದರ ಬಾಧೆ ಇಲ್ಲ. ಗಾಬರಿ ಬಿದ್ದವರು ಒಟ್ಟಿಗೆ ಓಡಿಬಂದು ಬಾಗಿಲು ಬಡಿಯುವ ಪ್ರಮೇಯವೂ ಇಲ್ಲ.

ಆದರೆ ಬ್ಯಾಂಕಿಗಿಂತ ಹೆಚ್ಚು ಬಡ್ಡಿ ಎಲ್ಲಿಂದ ಬರಬೇಕು? ಬ್ಯಾಂಕು ನೂರಕ್ಕೆ 9 ಕೊಡುವಾಗ ಇಲ್ಲಿ 11 ಎಂದಿಟ್ಟುಕೊಳ್ಳಿ. ಲಕ್ಷ ರೂಪಾಯಿಗೆ ವರ್ಷಕ್ಕೆ 2,000 ಹೆಚ್ಚಾಯಿತು. ಆ ಲಕ್ಷವನ್ನು ಇಪ್ಪತ್ತು ಕಂಪನಿಗಳಿಗೆ ಐದೈದು ಸಾವಿರದಂತೆ ಸಾಲ ಕೊಟ್ಟಿದ್ದು, ಅವುಗಳಲ್ಲಿ ಒಂದೇ ಒಂದು ಪೂರ್ತಿ ಮುಳುಗಿದರೂ ಹೋಯಿತು 5,000. ಎರಡೂವರೆ ವರ್ಷದ ಹೆಚ್ಚುವರಿ ಒಂದೇ ಏಟಿಗೆ ಮಾಯ. ಎರಡು ಮುಳುಗಿದರೆ ಐದು ವರ್ಷ ಕಾದದ್ದಕ್ಕೆ ಬ್ಯಾಂಕಿನ ಬಡ್ಡಿಯಷ್ಟೇ ಗಿಟ್ಟಿತು, ಭಯ ಮಾತ್ರ ಲಾಭ! ಇನ್ನೊಂದು ಸೂಕ್ಷ್ಮವಿದೆ. ಬಾಂಡುಗಳಿಂದ 9 ಬರುತ್ತಿದ್ದು, 11 ಹಂಚುತ್ತೇವೆಂದು ಮಾತು ಕೊಟ್ಟಿದ್ದರೆ, ಕೊರತೆಯ 2 ಬರುವುದು ಹೂಡಿದವನ ಅಸಲಿನಿಂದಲೇ. ತಿಂಗಳ ವಾರಂಟು ತಪ್ಪದೆ ಬರುತ್ತಿರುತ್ತದೆ, ಹುತ್ತದೊಳಗೆ ಗೆದ್ದಲು ತಿನ್ನುತ್ತಿರುತ್ತದೆ.

ಗಣಿಯಲ್ಲಿ ಇದನ್ನೆಲ್ಲ ಕೇಳದೆ ಒಂದು ಹೆಜ್ಜೆ ಇಡುತ್ತಿರಲಿಲ್ಲ. ಅದಿರಿನ ಚೂರು ಪ್ರಯೋಗಾಲಯಕ್ಕೆ ಹೋಗಿ ಟನ್ನಿಗೆ ಎಷ್ಟು ಗ್ರಾಂ ಚಿನ್ನವೆಂದು ಲೆಕ್ಕ ಬರಬೇಕು. ಕೆಳಗಿಳಿಯಲು ಒಂದು ದಾರಿಯಿದ್ದರೆ ಸಾಲದು, ಹೊರಬರಲು ಎರಡನೆಯದೂ ಇರಲೇಬೇಕೆಂಬುದು ಗಣಿ ಕಾಯಿದೆ. ಈ ಎರಡೂ ಬಾಯಿಪಾಠವಾಗಿದ್ದ ಮನುಷ್ಯ, ತನ್ನ ಹಣವನ್ನು ಕೆಳಗಿಳಿಸುವಾಗ ಎರಡನ್ನೂ ಕೇಳಲಿಲ್ಲ.

ಮದುವೆ ಬಂದೇ ಬಂತು, ಮರುವರ್ಷವೇ. ಅವಧಿಗೆ ಮುಂಚೆ ತೆಗೆದರೆ ನಷ್ಟವೆಂದು ಗೊತ್ತಾಯಿತು. ಹೆಂಡತಿಯ ನಾಲ್ಕು ಬಳೆ ಪೇಟೆ ಬೀದಿಯ ಗಿರವಿ ಅಂಗಡಿ ಸೇರಿದವು. ತಿಂಗಳಿಗೆ ನೂರಕ್ಕೆ ಎರಡು, ಎಂದರೆ ವರ್ಷಕ್ಕೆ ಇಪ್ಪತ್ತನಾಲ್ಕು ಬಡ್ಡಿ. ಹೆಚ್ಚು ಆದಾಯದ ಹಣವನ್ನು ಒಳಗೆ ಭದ್ರವಾಗಿಟ್ಟು, ಅದರ ಎರಡರಷ್ಟು ಬಡ್ಡಿಗೆ ಹೊರಗೆ ಸಾಲ ತಂದಂತಾಯಿತು. ಚಿನ್ನ ತೆಗೆದ ಊರಿನಲ್ಲಿ ಚಿನ್ನ ಅಡವಿಡುವುದು ಹೊಸದೇನಲ್ಲ ಬಿಡಿ.

2001ರ ಫೆಬ್ರುವರಿ 28ರಂದು ಗಣಿಗಳೇ ಮುಚ್ಚಿದವು. ನೂರಿಪ್ಪತ್ತು ವರ್ಷದ ಕಸುಬು ಒಂದು ದಿನಕ್ಕೆ ನಿಂತಿತು. ಉಳಿದಿದ್ದ ಸಾವಿರಾರು ಕಾರ್ಮಿಕರಿಗೂ ಇಡುಗಂಟು ಬರುವ ಸಮಯ. ಅದನ್ನು ಎಲ್ಲಿಡಬೇಕೆಂದು ಕಾಲೊನಿಗಳಲ್ಲಿ, ರೈಲಿನ ಬೋಗಿಗಳಲ್ಲಿ ಮಾತೇ ಮಾತು. ಆ ಹೊತ್ತಿಗೇ, ಜುಲೈ 2ರಂದು, ದೇಶದ ಮಧ್ಯಮವರ್ಗ ಕಣ್ಣುಮುಚ್ಚಿ ನಂಬಿದ್ದ ಯೂನಿಟ್ ಟ್ರಸ್ಟ್, 1964ರಿಂದ ನಡೆದುಬಂದಿದ್ದ ತನ್ನ ‘ಯುಎಸ್-64’ ಯೋಜನೆಯ ಮಾರಾಟವನ್ನೂ ಮರುಖರೀದಿಯನ್ನೂ ಆರು ತಿಂಗಳು ನಿಲ್ಲಿಸಿತು. ಅದು ಬಾಗಿಲು ಸದಾ ತೆರೆದಿರುವ ಜಾತಿಯ ಯೋಜನೆ! ಅದಕ್ಕೇ ಹೀಗಾದರೆ ಮುಚ್ಚಿದ ಬಾಗಿಲಿನವುಗಳ ಗತಿಯೇನು? ಖಾತರಿ ಆದಾಯದ ಮಾಸಿಕ ಯೋಜನೆಗಳ ಹಣದಲ್ಲಿ ಸ್ವಲ್ಪ ಭಾಗ ಷೇರುಗಳಿಗೂ ಹೋಗಿತ್ತು. ಕೊಟ್ಟ ಮಾತಿಗೂ ಇದ್ದ ಆಸ್ತಿಗೂ ದೊಡ್ಡ ಅಂತರ ಬಿದ್ದಿತ್ತು. ಫಿಟ್ಟರು ಆ ವರ್ಷವಿಡೀ ಪತ್ರಿಕೆಯ ವಾಣಿಜ್ಯ ಪುಟವನ್ನು ಮೊದಲು ಓದಿದರು. ಹಿಂದೆ ಅದು ಕಡಲೆಕಾಯಿ ಪೊಟ್ಟಣಕ್ಕಾಗುತ್ತಿತ್ತು.

2002ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ 14,561 ಕೋಟಿ ರೂಪಾಯಿಯ ನೆರವು ಘೋಷಿಸಿತು. ಫಿಟ್ಟರ ಅಸಲೂ ಆ ವರ್ಷ ಮರಳಿತು. ಬಳೆಗಳು ಮನೆಗೆ ಬಂದವು, ನಾಲ್ಕಲ್ಲ, ಮೂರು. ಒಂದು ಬಡ್ಡಿಗೇ ಕರಗಿತ್ತು. 2003ರಲ್ಲಿ ಯೂನಿಟ್ ಟ್ರಸ್ಟು ಎರಡು ಹೋಳಾಯಿತು. ಸರ್ಕಾರದ ಬೊಕ್ಕಸ ಹಿಂದೆ ನಿಂತದ್ದರಿಂದ ಬಡಪಾಯಿಗಳು ಬದುಕಿದರು. ಈಗಿನ ಯೋಜನೆಗಳ ಹಿಂದೆ ಹಾಗೆ ಯಾರೂ ನಿಂತಿಲ್ಲ ಎಂಬುದನ್ನು ಜನ ಮರೆಯುತ್ತಾರೆ.

ಅದೇ ತಳಿಯ ಈ ಕಾಲದ ಹೆಸರು ‘ಫಿಕ್ಸೆಡ್ ಮೆಚ್ಯುರಿಟಿ ಪ್ಲಾನ್’. ಇಷ್ಟೇ ಬರುತ್ತದೆಂದು ಮುಂಚಿತವಾಗಿ ಆಸೆ ತೋರಿಸುವುದಕ್ಕೆ 2009ರಲ್ಲಿ ಸೆಬಿ ತಡೆ ಹಾಕಿತು. ಅವಧಿಯ ನಡುವೆ ಯೋಜನೆಯಿಂದ ಹಣ ತೆಗೆಯುವಂತಿಲ್ಲ. ಬದಲಿಗೆ ಯೂನಿಟ್‌ಗಳು ಷೇರುಪೇಟೆಯಲ್ಲಿ ನೋಂದಣಿಯಾಗಿರುತ್ತವೆ. ಕಾಗದದ ಮೇಲೆ ಎರಡನೇ ದಾರಿ ಅದು. ಅಲ್ಲಿ ಕೊಳ್ಳುವವರೇ ಅಪರೂಪ, ಸಿಕ್ಕರೂ ಅಗ್ಗಕ್ಕೆ ಕೇಳುತ್ತಾರೆ. ಅವಧಿ ಮುಗಿದ ದಿನವೂ ಕಲ್ಲಿನ ಮೇಲೆ ಬರೆದದ್ದಲ್ಲ. 2019ರ ಏಪ್ರಿಲ್‌ನಲ್ಲಿ ಎಸ್ಸೆಲ್ ಸಮೂಹದ ಕಂಪನಿಗಳಿಂದ ಬರಬೇಕಾದ ಹಣ ಬಾರದೆ, ಕೊಟಕ್ ಸಂಸ್ಥೆಯ ಕೆಲವು ಯೋಜನೆಗಳು ಹೂಡಿದವರಿಗೆ ಪೂರ್ತಿ ಹಣ ಕೊಡಲಾಗಲಿಲ್ಲ, ಬಾಕಿ ತಿಂಗಳುಗಟ್ಟಲೆ ತಡವಾಯಿತು. ಎಚ್‌ಡಿಎಫ್‌ಸಿಯದೊಂದು ಯೋಜನೆ ತನ್ನ ಅವಧಿಯನ್ನೇ ಒಂದು ವರ್ಷ ಮುಂದೂಡಿತು. ರೇಟಿಂಗ್ ನೋಡಿದರೆ ಸಾಕೆ? ಐಎಲ್ ಅಂಡ್ ಎಫ್‌ಎಸ್ 2018ರ ಆಗಸ್ಟ್‌ವರೆಗೆ ‘ಟ್ರಿಪಲ್ ಎ’, ಸೆಪ್ಟೆಂಬರ್‌ನಲ್ಲಿ ಸುಸ್ತಿದಾರ. ಪ್ರಯೋಗಾಲಯದ ಚೀಟಿ ಹೇಳುವುದು ಆ ದಿನ ಕೈಗೆ ಬಂದ ಚೂರಿನ ಸುದ್ದಿಯನ್ನಷ್ಟೇ.

2023ರ ಮಾರ್ಚ್‌ನಲ್ಲಿ, ಬೆಂಗಳೂರಿಗೆ ದಿನಾ ರೈಲಿನಲ್ಲಿ ಓಡಾಡುವ ಮಗ ಅಂಥದೇ ಒಂದು ಫಾರಂ ತಂದ. ತಿಂಗಳ ಕೊನೆಯೊಳಗೆ ಹಾಕಿದರೆ ತೆರಿಗೆಯ ಹಳೆಯ ರಿಯಾಯಿತಿ ಸಿಗುತ್ತದೆ, ಏಪ್ರಿಲ್ ಒಂದರಿಂದ ಇಲ್ಲ ಎಂಬ ಅವಸರ. ಎಪ್ಪತ್ತೈದು ದಾಟಿದ ಅಪ್ಪ ಕನ್ನಡಕ ಏರಿಸಿ ಕೇಳಿದರು:

“ಯಾರ್ಯಾರಿಗೆ ಸಾಲ ಕೊಡ್ತಾರಪ್ಪಾ?”

“ಇನ್ನೂ ಗೊತ್ತಾಗಲ್ಲಪ್ಪ. ಎಂಥ ರೇಟಿಂಗ್‌ನವು ಅಂತ ಮಾತ್ರ ಹಾಕಿದ್ದಾರೆ. ದುಡ್ಡು ಸೇರಿದ ಮೇಲೆ ಕೊಳ್ತಾರೆ.”

“ಸರ್ಕಾರದ ಬಾಂಡೋ, ಕಂಪನಿಗಳದೋ?”

ಮಗ ಪುಟ ತಿರುವಿದ. ಹೆಚ್ಚು ಪಾಲು ಕಂಪನಿಗಳದು.

“ನಡುವೆ ಬೇಕಾದ್ರೆ?”

“ಬೇಕಾಗಲ್ಲಪ್ಪ, ಮೂರೇ ವರ್ಷ.”

ಒಳಗಿನಿಂದ ಬಳೆಯ ಸದ್ದಾಯಿತು. ಅಮ್ಮ ಹೊರಗೆ ಬಂದು ಮಗನ ಎದುರು ಕೂತು, “ನಿನ್ನ ಹುಡುಗನ ಕಾಲೇಜು ಫೀಸು ಯಾವ ವರ್ಷ ಕಟ್ಟಬೇಕು, ಅದನ್ನ ಮೊದಲು ಹೇಳು” ಎಂದರು.

ಮುಂದಿನ ವರ್ಷವೇ ಕಟ್ಟಬೇಕಿತ್ತು. ಫಾರಂನಲ್ಲಿ ಬರೆದಿದ್ದ ಮೊತ್ತವನ್ನು ಮಗ ಹೊಡೆದುಹಾಕಿ, ಅದರ ಕಾಲುಭಾಗ ಬರೆದ. ಉಳಿದದ್ದು ಅಂಚೆ ಕಚೇರಿಗೂ ಬ್ಯಾಂಕಿಗೂ ಹೋಯಿತು.