ಎಲುಬು ಹೇಳುವುದು, ಹೇಳದಿರುವುದು

ಚಿತ್ರದುರ್ಗದ ಪಾಳುಬಿದ್ದ ಮನೆಯೊಂದರಲ್ಲಿ 2023ರ ಡಿಸೆಂಬರ್ ಕೊನೆಗೆ ಐವರ ಅಸ್ಥಿಪಂಜರಗಳು ಸಿಕ್ಕವು. ನಾಲ್ಕು ಒಂದೇ ಕೋಣೆಯಲ್ಲಿ, ಇನ್ನೊಂದು ಬೇರೆ ಕೋಣೆಯಲ್ಲಿ. ಗೋಡೆಯ ಮೇಲೆ 2019ರ ಕ್ಯಾಲೆಂಡರ್. ಅದು ನಿವೃತ್ತ ಎಂಜಿನಿಯರ್ ಒಬ್ಬರ ಕುಟುಂಬದ ಮನೆ. ವರ್ಷಗಟ್ಟಲೆ ಆ ಸಾವುಗಳು ಹೊರಗೆ ತಿಳಿದಿರಲಿಲ್ಲ.

ಇಂಥ ತನಿಖೆಯಲ್ಲಿ ಎಲುಬು ವಯಸ್ಸು, ಲಿಂಗ, ಮೂಳೆಮುರಿತವನ್ನು ತೋರಿಸಬಲ್ಲದು. ಡಿಎನ್‌ಎ ಗುರುತು ಹೇಳಬಲ್ಲದು. ಆದರೆ ಮಾಂಸ, ಚರ್ಮ ಕರಗಿಹೋದ ಮೇಲೆ ಉಸಿರುಗಟ್ಟಿದ ಕುರುಹು ಬಹುಪಾಲು ಅಳಿಸುತ್ತದೆ, ವಿಷದ ಪತ್ತೆಯೂ ಕಷ್ಟವಾಗುತ್ತದೆ. ಹೀಗಾಗಿ ‘ಯಾರು’ ಎಂಬುದು ತಿಳಿದರೂ ‘ಹೇಗೆ’ ಎಂಬುದು ಉಳಿದುಬಿಡಬಹುದು.

ಟಿ.ವಿ.ಯಲ್ಲಿ ಹಾಗಲ್ಲ. 2003ರಲ್ಲಿ ಶುರುವಾದ ಹಿಂದಿಯ ‘ಕ್ರೈಮ್ ಪೆಟ್ರೋಲ್’ನಂಥ ಧಾರಾವಾಹಿಗಳು ನಿಜ ಪ್ರಕರಣಗಳನ್ನೇ ನಾಟಕವಾಗಿಸಿ, ಸಾಮಾನ್ಯವಾಗಿ ಅಪರಾಧಿಯನ್ನು ಹಿಡಿದುಕೊಟ್ಟೇ ಕಂತು ಮುಗಿಸುತ್ತವೆ. ನಿಜ ಬದುಕಿನ ಕಡತಕ್ಕೆ ಆ ಅನುಕೂಲವಿಲ್ಲ. ಉತ್ತರ ಸಿಗದ ಸಾವಿಗೆ ಊಹೆಯ ಅಪರಾಧಿಯನ್ನು ಜೋಡಿಸುವುದು ಸತ್ತವರಿಗೂ ಉಳಿದ ಬಂಧುಗಳಿಗೂ ಮಾಡುವ ಅನ್ಯಾಯ. ಊಹೆ ಕಟ್ಟುವ ಬದಲು, ನೆರೆಮನೆಯ ಬಾಗಿಲು ಬಹಳ ದಿನ ಮುಚ್ಚಿದ್ದರೆ ಹೋಗಿ ವಿಚಾರಿಸಿ. ಓಗೊಡದಿದ್ದರೆ 112ಕ್ಕೆ ಕರೆ ಮಾಡಿ.