ಮನೆಗಳ ನಡುವಿನ ಸ್ವರ

ನಮ್ಮ ಶಾಲೆಯ ಗಾಯನದ ಕೋಣೆಯಲ್ಲಿದ್ದ ಹಾರ್ಮೋನಿಯಂ ಈ ಸಂಚಿಕೆಯನ್ನೋದುವ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರಿಗೆ ನೆನಪಿರಬಹುದು. ಅದರ ಬಿಳಿಯ ಮನೆಗೂ ಕರಿಯ ಮನೆಗೂ ನಡುವೆ ಬೆರಳಿಡಲು ಸ್ಥಳವಿಲ್ಲ. ಒಂದು ಸ್ವರದಿಂದ ಮತ್ತೊಂದಕ್ಕೆ ಅದು ಹಾರುವುದೇ ಹೊರತು ಜಾರಲಾರದು. ಗಮಕಕ್ಕೆ ಒದಗದ ವಾದ್ಯವೆಂಬ ಆಕ್ಷೇಪದಿಂದ ಆಲ್ ಇಂಡಿಯಾ ರೇಡಿಯೋದವರು 1940ರಲ್ಲಿ ಅದನ್ನು ಪ್ರಸಾರದಿಂದ ಹೊರಗಿಟ್ಟರು; 1971ರವರೆಗೆ ಆ ನಿಷೇಧವು ಸಡಿಲವಾಗಲಿಲ್ಲ. ನಾವಾದರೋ ಅದೊಂದನ್ನೇ ನಂಬಿ ಹಾಡಿದೆವು. ಅದಕ್ಕಾಗಿ ನನಗೆ ವ್ಯಸನವಿಲ್ಲ.

ಈಗ ಹೇಳಹೊರಟ ಸಂಗೀತವು ಹಿರೇಹಡಗಲಿಯ ನನ್ನ ಮನೆಗೆ ಬಂದುದು ಮೊಮ್ಮಗನ ಮೂಲಕ. ಅವನು ಅಮೆರಿಕದಲ್ಲಿ ಹುಟ್ಟಿ ಬೆಳೆದವನು, ಗಿಟಾರ್ ನುಡಿಸುತ್ತಾನೆ. ಅವನ ಕನ್ನಡವು 'ಅಜ್ಜಿ', 'ಊಟ', 'ಸಾಕು' ಎಂಬ ಮೂರು ಮಾತುಗಳಲ್ಲಿ ಮುಗಿಯುತ್ತದೆ. ನನ್ನ ಇಂಗ್ಲಿಷಾದರೋ ಅವನ ಉಚ್ಚಾರದ ಮುಂದೆ ನಿಲ್ಲದು. ಬೇಸಗೆಯ ರಜೆಯಲ್ಲಿ ಎದುರುಬದುರಾಗಿ ಸುಮ್ಮನೆ ಕುಳಿತಿರುವುದು ಇಬ್ಬರಿಗೂ ಸಂಕಟವಾಗಿತ್ತು. ಆದಕಾರಣ ಅವನು ತನಗೆ ಪ್ರಿಯರಾದ ವಾದ್ಯಗಾರರನ್ನು ಒಬ್ಬೊಬ್ಬರಾಗಿ ನನಗೆ ಕೇಳಿಸತೊಡಗಿದನು.

ಮೊದಲನೆಯದು, ಆರ್ನೆಟ್ ಕೋಲ್ಮನ್ ಎಂಬ ಸ್ಯಾಕ್ಸೋಫೋನ್ ವಾದಕರು 1960ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಮುದ್ರಿಸಿದ 'ಫ್ರೀ ಜಾಝ್'. ನಾಲ್ವರ ಎರಡು ಮೇಳಗಳು, ಒಂದು ಎಡಗಿವಿಗೆ, ಇನ್ನೊಂದು ಬಲಗಿವಿಗೆ, 37 ನಿಮಿಷ ಎಡೆಬಿಡದೆ ನುಡಿಸುತ್ತವೆ. ಮೊದಲೇ ಗೊತ್ತುಮಾಡಿಕೊಂಡ ಕೆಲವು ತುಣುಕುಗಳ ಹೊರತು ಉಳಿದುದೆಲ್ಲ ಆ ಗಳಿಗೆಯ ಸೃಷ್ಟಿ. ನೆರೆಮನೆಯವರು ಏನಾಯಿತೆಂದು ವಿಚಾರಿಸಲು ಬಂದರು. ನನಗೆ ಮಾತ್ರ ಮೈಲಾರದ ಜಾತ್ರೆ ನೆನಪಾಯಿತು. ಭರತ ಹುಣ್ಣಿಮೆಯ ಹೊತ್ತಿಗೆ ಅಲ್ಲಿ ಸೇರುವ ಗೊರವರಲ್ಲಿ ಒಬ್ಬನ ಡಮರುಗವನ್ನು ನೋಡಿ ಇನ್ನೊಬ್ಬನು ಬಾರಿಸುವುದಿಲ್ಲ. ಆದರೂ ಆ ಗದ್ದಲವು ಹೊಳೆಯ ಹಾಗೆ ಒಮ್ಮೆ ಉಬ್ಬಿ ಒಮ್ಮೆ ಇಳಿಯುತ್ತದೆ. ಇಷ್ಟು ಹೊಳೆದ ಮೇಲೂ, ಆ ಮುದ್ರಿಕೆಯನ್ನು ಕೊನೆಯ ತನಕ ಕೇಳುವ ತಾಳ್ಮೆ ನನಗಿಲ್ಲವೆಂದು ವಾಚಕರಲ್ಲಿ ಅರಿಕೆಮಾಡುತ್ತೇನೆ.

ಆಮೇಲೆ ಅವನ ಪಟ್ಟಿಯಲ್ಲಿ ಒಂದು ಹೆಸರು ಕಂಡಿತು: ರುದ್ರೇಶ ಮಹಾಂತಪ್ಪ. ಹಡಗಲಿಯ ಸೀಮೆಯಲ್ಲಿ ಈ ಹೆಸರನ್ನು ಕೂಗಿದರೆ ಓಣಿಗಿಬ್ಬರು ಹೊರಗೆ ಬಂದಾರು! ಕರ್ನಾಟಕ ಮೂಲದ ತಂದೆತಾಯಿಗಳಿಗೆ 1971ರಲ್ಲಿ ಇಟಲಿಯ ಟ್ರಿಯೆಸ್ಟ್ ಪಟ್ಟಣದಲ್ಲಿ ಹುಟ್ಟಿದ ಇವರು ಬೆಳೆದದ್ದು ಅಮೆರಿಕದ ಕೊಲೊರಾಡೋದಲ್ಲಿ. ಬಾಸ್ಟನ್ನಿನ ಬರ್ಕ್ಲೀ ಕಾಲೇಜಿನಲ್ಲಿ ಜಾಝ್ ಕಲಿಯುತ್ತಿದ್ದಾಗ ಇವರ ಸಹೋದರರು ತಮಾಷೆಗೆಂದು ಒಂದು ಧ್ವನಿಮುದ್ರಿಕೆಯನ್ನು ಕೊಟ್ಟರಂತೆ. ಅದು ನಮ್ಮ ಕದ್ರಿ ಗೋಪಾಲನಾಥರದು.

ಗೋಪಾಲನಾಥರು 1949ರಲ್ಲಿ ಬಂಟ್ವಾಳ ತಾಲೂಕಿನ ಸಜಿಪಮೂಡದ ನಾಗಸ್ವರ ವಾದಕರ ಮನೆಯಲ್ಲಿ ಜನಿಸಿದವರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನನ್ನು ಕಂಡು ಮನಸೋತರು. ಪರದೇಶದ ಆ ಹಿತ್ತಾಳೆಯ ವಾದ್ಯವನ್ನು ವರ್ಷಗಟ್ಟಲೆ ಪಳಗಿಸಿ, ಉಸಿರಿನಿಂದಲೂ ತುಟಿಯ ಹಿಡಿತದಿಂದಲೂ ಅದರಲ್ಲಿ ಗಮಕವನ್ನು ತಂದರು. 1980ರಲ್ಲಿ ಮುಂಬಯಿಯ ಜಾಝ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿಯವರೊಡನೆ ನುಡಿಸಿದರು, 2019ರಲ್ಲಿ ತೀರಿಕೊಂಡರು. ತಮಾಷೆಯ ಆ ಕಾಣಿಕೆಯ ಫಲವಾಗಿ ಇವರೂ ಮಹಾಂತಪ್ಪನವರೂ ಜೊತೆಗೂಡಿ ನುಡಿಸಿದ 'ಕಿನ್ಸ್‌ಮೆನ್' 2008ರಲ್ಲಿ ಹೊರಬಂತು. ಬಂಧುಗಳು ಎಂದು ಅದರ ಅರ್ಥ. ಒಬ್ಬರು ಜಾರುವಲ್ಲಿ ಇನ್ನೊಬ್ಬರು ಹಾರುತ್ತಾರೆ. ಕೆಲವೆಡೆ ಯಾರು ಯಾರೆಂದು ತಿಳಿಯದು. ಅದನ್ನು ನಾನು ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ.

ಮೊಮ್ಮಗನ ಪ್ರೀತಿಯಾದರೋ 2013ರ 'ಗಮಕ್' ಎಂಬುದರ ಮೇಲೆ. ಅದರಲ್ಲಿ ಮಹಾಂತಪ್ಪನವರ ಜೊತೆಗಾರ ಡೇವಿಡ್ ಫ್ಯೂಚಿನ್ಸ್ಕಿ ಎಂಬವರು ಮೆಟ್ಟಿಲುಗಳಿಲ್ಲದ ಗಿಟಾರನ್ನೂ ನುಡಿಸುತ್ತಾರೆ. ವೀಣೆಯಲ್ಲಿ ಮೆಟ್ಟಿಲಿನ ಮೇಲೆಯೇ ತಂತಿಯನ್ನು ಎಳೆದು ಗಮಕ ತೆಗೆಯುವರಷ್ಟೆ? ಇಲ್ಲಿ ಮೆಟ್ಟಿಲೇ ಇಲ್ಲದ್ದರಿಂದ ಬೆರಳು ಪಿಟೀಲಿನಲ್ಲಿದ್ದಂತೆ ಸಲೀಸಾಗಿ ಜಾರುತ್ತದೆ.

ಅದನ್ನು ಕೇಳಿದ ಸಂಜೆ ನಾನು, ನನ್ನ ತಾಯಿ ಜೋಳ ಬೀಸುವಾಗ ಹಾಡುತ್ತಿದ್ದ ಪದವೊಂದನ್ನು ಗುನುಗಿದೆನು. ಅದರಲ್ಲೊಂದು ಸ್ವರವುಂಟು, ಶಾಲೆಯ ಹಾರ್ಮೋನಿಯಮ್ಮಿನಲ್ಲಿ ಹುಡುಕಿ ಎಂದೂ ಸಿಕ್ಕದ ಸ್ವರ. ಹುಡುಗನು ಗಿಟಾರನ್ನು ತೊಡೆಯ ಮೇಲಿಟ್ಟು ಒಂದು ಮೆಟ್ಟಿಲನ್ನು ಒತ್ತಿದನು, ಅದರ ಪಕ್ಕದ್ದನ್ನೂ ಒತ್ತಿದನು. ಎರಡೂ ಅಲ್ಲ. ಬಳಿಕ ತಂತಿಯನ್ನು ಮೆಲ್ಲನೆ ಓರೆಯಾಗಿ ಎಳೆದು ನನ್ನ ಮುಖವನ್ನು ನೋಡಿ, "ಅಜ್ಜಿ, ಸಾಕು?" ಎಂದನು. ಸಾಲದೆಂದು ತಲೆಯಲ್ಲಾಡಿಸಿದೆನು. ಇನ್ನಷ್ಟು ಎಳೆದನು. ದೀಪ ಹಚ್ಚುವ ಹೊತ್ತಿಗೆ ಆ ಪದದ ಮೊದಲ ಎರಡು ಸಾಲುಗಳು ಅವನ ಕೈಗೆ ಬಂದಿದ್ದವು.

ಹಿಂದಿರುಗಿ ಹೋದ ಮೇಲೆ ಅವನು ಹಳೆಯದೊಂದು ಗಿಟಾರನ್ನು ಕೊಂಡು, ಇಕ್ಕುಳದಿಂದ ಅದರ ಮೆಟ್ಟಿಲುಗಳನ್ನು ತಾನೇ ಕಿತ್ತಿದ್ದಾನೆ. ಚೆನ್ನಾಗಿದ್ದ ವಾದ್ಯವನ್ನು ಕೆಡಿಸಿದನೆಂದು ಅವನ ತಾಯಿ ನನಗೆ ದೂರು ಹೇಳಿದಳು. ಪದದ ಮೂರನೆಯ ಸಾಲನ್ನು ಹಾಡಿ ಕಳುಹಿಸೆಂದು ಅವನು ಕೇಳಿದ್ದಾನೆ.