ಹನ್ನೆರಡು ಗಂಟೆ ಐದು ನಿಮಿಷದ ತಕರಾರು

ರಾತ್ರಿ ಹನ್ನೊಂದೂವರೆ ದಾಟಿದ ಮೇಲೆ ಅರ್ಧ ಗಂಟೆ ಆಚೆ ಹೋದರೇನು, ಈಚೆ ಬಂದರೇನು? ಊರೆಲ್ಲ ಮಲಗಿರುತ್ತದೆ. ಎದ್ದಿರುವವರು ಬೀದಿ ನಾಯಿ, ಅದನ್ನು ಗದರುವ ವಾಚ್‌ಮನ್, ನಿದ್ದೆ ಬಾರದೆ ಎರಡನ್ನೂ ಕೇಳಿಸಿಕೊಳ್ಳುವ ನಮ್ಮಂಥವರು. ಇಷ್ಟಕ್ಕೆಲ್ಲ ಯಾರಾದರೂ ಕೆಲಸ ಬಿಡುತ್ತಾರೆಯೇ ಅಂತ ನೀವು ಕೇಳಬಹುದು. ಕೇಳುವ ಮೊದಲು, ನಿಮ್ಮ ಮನೆಯ ಏಳೂವರೆಯ ಸೀರಿಯಲ್ಲನ್ನು ಚಾನೆಲ್ಲಿನವರು ಹೇಳದೆ ಕೇಳದೆ ಆರು ಗಂಟೆಗೆ ಎತ್ತಿ ಹಾಕಿದಾಗ ಏನಾಯಿತು, ಸ್ವಲ್ಪ ನೆನಪು ಮಾಡಿಕೊಳ್ಳಿ. ದೇವರ ದೀಪ, ಕುಕ್ಕರಿನ ಸೀಟಿ, ಅಜ್ಜಿಯ ಮಾತ್ರೆ, ಎಲ್ಲದರ ಹೊತ್ತೂ ತಪ್ಪಿಹೋಗಲಿಲ್ಲವೇ? ಅಜ್ಜಿ ಆ ಚಾನೆಲ್ಲಿಗೆ ಹಾಕಿದ ಶಾಪ ಇನ್ನೂ ಕಿವಿಯಲ್ಲಿ ಇಲ್ಲವೇ?

ಅಮೆರಿಕದಲ್ಲಿ 2010ರ ಜನವರಿಯಲ್ಲಿ ಇಂಥದ್ದೇ ಅರ್ಧ ಗಂಟೆಯ ಜಗಳವೊಂದು ನಡೆಯಿತು. ಮುಗಿಯುವುದಕ್ಕೆ ಹಿಡಿದದ್ದು ಹೆಚ್ಚುಕಡಿಮೆ ಎರಡು ವಾರ, ತಗುಲಿದ ಖರ್ಚು ಸುಮಾರು ನಾಲ್ಕೂವರೆ ಕೋಟಿ ಡಾಲರು.

ಎನ್‌ಬಿಸಿ ಎಂಬ ವಾಹಿನಿಯಲ್ಲಿ ‘ದಿ ಟುನೈಟ್ ಶೋ’ ಅಂತ ಒಂದು ಕಾರ್ಯಕ್ರಮವಿದೆ. ಶುರುವಾದದ್ದು 1954ರಲ್ಲಿ. ಒಬ್ಬ ನಿರೂಪಕ ಸೂಟು ಹಾಕಿಕೊಂಡು ಬಂದು ಅಂದಿನ ಸುದ್ದಿಯ ಮೇಲೆ ನಾಲ್ಕು ಚಟಾಕಿ ಹಾರಿಸುತ್ತಾನೆ, ಮೇಜಿನ ಹಿಂದೆ ಕೂರುತ್ತಾನೆ, ಸಿನಿಮಾದವರು ಬಂದು ಪಕ್ಕದ ಸೋಫಾದಲ್ಲಿ ಕೂತು ತಮ್ಮ ಹೊಸ ಚಿತ್ರವನ್ನು ಹೊಗಳಿಕೊಳ್ಳುತ್ತಾರೆ. ಇಷ್ಟೇ. ಆದರೆ ಆ ಮೇಜು ಸಾಮಾನ್ಯದ್ದಲ್ಲ. ಜಾನಿ ಕಾರ್ಸನ್ ಎಂಬ ಮಹಾಶಯ 1962ರಿಂದ 1992ರವರೆಗೆ, ಮೂವತ್ತು ವರ್ಷ ಅದರ ಹಿಂದೆ ಕೂತಿದ್ದ. ಹೊತ್ತಿನ ವಿಷಯದಲ್ಲಿ ಆತನೂ ಕಡಿಮೆಯವನಲ್ಲ. ಆಗ ಕಾರ್ಯಕ್ರಮ ರಾತ್ರಿ 11.15ಕ್ಕೆ ಶುರುವಾಗುತ್ತಿತ್ತು. ಮೊದಲ ಕಾಲು ಗಂಟೆಯನ್ನು ಎಷ್ಟೋ ಊರುಗಳ ಕೇಂದ್ರಗಳು ತಮ್ಮ ವಾರ್ತೆಗಾಗಿ ನುಂಗಿಹಾಕುತ್ತಿದ್ದವು. ತನ್ನ ಒಳ್ಳೊಳ್ಳೆಯ ಜೋಕುಗಳು ಅರ್ಧ ದೇಶಕ್ಕೆ ಕೇಳಿಸದೆ ಹೋಗುವುದು ಕಾರ್ಸನ್‌ಗೆ ಸರಿಬರಲಿಲ್ಲ. 1965ರಲ್ಲಿ ಒಂದು ದಿನದಿಂದ ಆ ಹದಿನೈದು ನಿಮಿಷ ಬರುವುದನ್ನೇ ನಿಲ್ಲಿಸಿಬಿಟ್ಟ! ಜೊತೆಗಾರ ಎಡ್ ಮ್ಯಾಕ್‌ಮಹನ್ ಒಬ್ಬನೇ ನಿಂತು ಸುಧಾರಿಸಬೇಕಾಯಿತು. ಕಡೆಗೆ ಆ ಕಾಲು ಗಂಟೆಯನ್ನೇ ತೆಗೆದುಹಾಕಿದರು.

ಅವನಿಗಿಂತ ಮೊದಲಿದ್ದ ಜಾಕ್ ಪಾರ್ ಇನ್ನೂ ಮುಂಗೋಪಿ. 1960ರಲ್ಲಿ ಆತ ಹೇಳಿದ ಪಾಯಿಖಾನೆಯ ಜೋಕೊಂದನ್ನು ವಾಹಿನಿಯವರು ಅವನಿಗೆ ತಿಳಿಸದೆ ಕತ್ತರಿಸಿದರು. ಸ್ವಿಟ್ಜರ್ಲೆಂಡಿಗೆ ಹೊರಟ ಹೆಂಗಸೊಬ್ಬಳು ಉಳಿಯುವ ಜಾಗದಲ್ಲಿ ಡಬ್ಲ್ಯೂಸಿ ಇದೆಯೇ ಅಂತ ಕಾಗದ ಬರೆಯುತ್ತಾಳೆ. ಅಲ್ಲಿನ ಮೇಷ್ಟರು ಅದನ್ನು ಪ್ರಾರ್ಥನಾ ಮಂದಿರ ಎಂದು ತಿಳಿದು, ವಾರಕ್ಕೆರಡು ದಿನ ಮಾತ್ರ ತೆರೆದಿರುತ್ತದೆ ಅಂತ ಭಕ್ತಿಯಿಂದ ಉತ್ತರಿಸುತ್ತಾರೆ. ಇವತ್ತು ಮಕ್ಕಳ ಮುಂದೆಯೂ ಹೇಳಬಹುದಾದ ಜೋಕು. ಮರುರಾತ್ರಿ ಪಾರ್ ವೇದಿಕೆಗೆ ಬಂದು, ನಾನು ಹೊರಟೆ ಅಂತ ಹೇಳಿ, ನಡೆದೇಬಿಟ್ಟ. ಒಂದು ತಿಂಗಳಾಗುವುದರೊಳಗೆ ವಾಪಸ್ಸೂ ಬಂದ. ಏನೂ ಆಗಿಯೇ ಇಲ್ಲವೆಂಬಂತೆ, ನಿಂತಲ್ಲಿಂದಲೇ ಮಾತು ಮುಂದುವರಿಸಿದ. ಹೀಗೆ ಬಾಗಿಲಿನ ತನಕ ಹೋಗಿ ತಿರುಗಿ ಬರುವವರನ್ನು ಪ್ರತಿ ಮದುವೆ ಮನೆಯಲ್ಲೂ ಒಬ್ಬರಾದರೂ ನೋಡುತ್ತೇವಲ್ಲ.

ಎಲ್ಲಿಂದ ಎಲ್ಲಿಗೋ ಹೋದೆ. ಕಾರ್ಸನ್ ಇಳಿದ ಮೇಲೆ ಆ ಜಾಗಕ್ಕೆ ಬಂದವನು ಜೇ ಲೆನೊ. ಬರಬೇಕಾಗಿದ್ದವನು ತಾನೇ ಎಂದುಕೊಂಡಿದ್ದ ಡೇವಿಡ್ ಲೆಟರ್‌ಮನ್ ಮುನಿಸಿಕೊಂಡು ಎದುರಾಳಿ ವಾಹಿನಿಗೆ ಹೋದ. ಆ ಗದ್ದಲದ ದಿನಗಳಲ್ಲಿ ಲೆನೊ ಒಂದು ಘನಕಾರ್ಯ ಮಾಡಿದ್ದ. ವಾಹಿನಿಯ ದೊಡ್ಡವರು ಫೋನಿನಲ್ಲಿ ‘ಲೆನೊನೋ ಲೆಟರ್‌ಮನ್ನೋ’ ಅಂತ ಚರ್ಚಿಸುತ್ತಿದ್ದಾಗ, ಪಕ್ಕದ ಒಂದು ಪುಟ್ಟ ಕೋಣೆಯೊಳಗೆ ಅಡಗಿ ಕೂತು ಅಷ್ಟನ್ನೂ ಕೇಳಿಸಿಕೊಂಡಿದ್ದ! ಕೋಟಿಗಟ್ಟಲೆ ಸಂಪಾದಿಸುವ ಮನುಷ್ಯ ಕತ್ತಲಲ್ಲಿ ಉಸಿರು ಬಿಗಿಹಿಡಿದು ಕೂತ ಆ ಚಿತ್ರ ನನಗೆ ಬಹಳ ಇಷ್ಟ. ಲೆನೊನ ಮೇಲೆ ಸಿಟ್ಟು ಬಂದಾಗಲೆಲ್ಲ ಅದನ್ನು ನೆನೆದು ಸ್ವಲ್ಪ ಕ್ಷಮಿಸಿಬಿಡುತ್ತೇನೆ.

ಇಂಥ ಇನ್ನೊಂದು ಮುನಿಸು ಬೇಡವೆಂದು 2004ರಲ್ಲಿ ಎನ್‌ಬಿಸಿ ಜಾಣತನ ತೋರಿಸಿತು. ಐದು ವರ್ಷ ಬಿಟ್ಟು ಮೇಜನ್ನು ಕೋನನ್ ಓಬ್ರಯನ್‌ಗೆ ಕೊಡುತ್ತೇವೆ ಎಂದು ಆಗಲೇ ಸಾರಿತು. ಕೋನನ್ 1993ರಿಂದ ನಡುರಾತ್ರಿಯ ಪಾಳಿಯಲ್ಲಿದ್ದವನು. ಆರಡಿ ನಾಲ್ಕಂಗುಲದ ಆಳು, ಹಣೆಯ ಮೇಲೆ ಗೋಪುರದಂತೆ ಎದ್ದು ನಿಂತ ಕೆಂಗೂದಲು. 2009ರ ಜೂನ್ 1ಕ್ಕೆ, ಸಿಬ್ಬಂದಿಯನ್ನೆಲ್ಲ ನ್ಯೂಯಾರ್ಕಿನಿಂದ ಲಾಸ್ ಏಂಜಲೀಸ್‌ಗೆ ಕರೆತಂದು ಮೇಜಿಗೆ ಕೂತ. ಸರಿ, ಲೆನೊ ಮನೆಗೆ ಹೋದನೇ? ಎಲ್ಲಿ ಬಂತು! ಎದುರಾಳಿಗಳು ಹಾರಿಸಿಕೊಂಡು ಹೋದರೆ ಎಂಬ ಹೆದರಿಕೆಯಿಂದ ವಾಹಿನಿ ಅವನಿಗೆ ರಾತ್ರಿ ಹತ್ತಕ್ಕೆ, ವಾರಕ್ಕೆ ಐದು ದಿನ, ಅದೇ ಬಗೆಯ ಇನ್ನೊಂದು ಕಾರ್ಯಕ್ರಮ ಕೊಟ್ಟಿತು. ಮಗನಿಗೆ ಬೀಗದ ಕೈ ಗೊಂಚಲು ಒಪ್ಪಿಸಿದ ಯಜಮಾನರು ಮಂಚವನ್ನು ಹೆಬ್ಬಾಗಿಲಿಗೇ ಹಾಕಿಸಿಕೊಂಡು, ಬಂದವರನ್ನೆಲ್ಲ ಮೊದಲು ತಾವೇ ಮಾತಾಡಿಸಿದ ಹಾಗಾಯಿತು. ಒಳಗೆ ಕೂತ ಮಗನಿಗೆ ಉಳಿಯುವುದೇನು, ಹೇಳಿ?

ಹತ್ತರ ಕಾರ್ಯಕ್ರಮ ಸೊರಗಿತು. ಅದರ ಬೆನ್ನಿಗೆ ಬರುವ ಹನ್ನೊಂದರ ಸ್ಥಳೀಯ ವಾರ್ತೆಗೂ ಜನ ಕಡಿಮೆಯಾದರು. ಊರೂರಿನ ಕೇಂದ್ರಗಳಿಗೆ ಜಾಹೀರಾತಿನ ದುಡ್ಡಿನ ದೊಡ್ಡ ಪಾಲು ಬರುವುದು ಆ ವಾರ್ತೆಯಿಂದ, ಅವು ಬೊಬ್ಬೆ ಹಾಕಿದವು. ಆಗ ವಾಹಿನಿಯವರಿಗೆ ಹೊಳೆದ ಉಪಾಯ: ಕೋನನ್‌ನ ಹೊತ್ತಾಗಿದ್ದ 11.35ರಿಂದ ಅರ್ಧ ಗಂಟೆ ಲೆನೊ, 12.05ಕ್ಕೆ ಕೋನನ್‌ನ ‘ಟುನೈಟ್’. ಇಂದಿನ ರಾತ್ರಿಯ ಕಾರ್ಯಕ್ರಮ ನಾಳೆ ಶುರುವಾಗುತ್ತದೆ ಎಂದಾಯಿತು. ನಮ್ಮ ಪಂಚಾಂಗದವರು ಪಂಚಾಯಿತಿಗೆ ಕೂತಿದ್ದರೆ ವಾಹಿನಿಯೇ ಗೆಲ್ಲುತ್ತಿತ್ತೋ ಏನೋ. ಅವರ ಲೆಕ್ಕದಲ್ಲಿ ಸೂರ್ಯ ಹುಟ್ಟುವ ತನಕ ವಾರ ಬದಲಾಗುವುದಿಲ್ಲ, 12.05 ಎಂದರೆ ಇನ್ನೂ ನಿನ್ನೆಯೇ.

ಜನವರಿ 12ರಂದು ಕೋನನ್ ಒಂದು ಬಹಿರಂಗ ಪತ್ರ ಬರೆದ. ಸಂಬೋಧನೆ ವಾಹಿನಿಗಲ್ಲ, ಭೂಲೋಕದ ಜನರಿಗೆ! ನಡುರಾತ್ರಿ ದಾಟಿದ ಮೇಲೆ ಬರುವುದು ಟುನೈಟ್ ಶೋ ಅಲ್ಲ, ಅದನ್ನು ಹಾಳುಮಾಡುವ ಕೆಲಸಕ್ಕೆ ನಾನು ಕೈ ಹಚ್ಚುವುದಿಲ್ಲ ಎಂಬುದು ಸಾರಾಂಶ. ತನ್ನ ಹಿಂದೆ ಬರುವ ಜಿಮ್ಮಿ ಫಾಲನ್‌ನ ಕಾರ್ಯಕ್ರಮವೂ ಎಂದಿನ ಹೊತ್ತಿನಿಂದ ಆಚೆ ಬೀಳುತ್ತದೆ, ಅದೂ ಅನ್ಯಾಯ ಎಂದ. ಕೊನೆಯಲ್ಲಿ ತನ್ನ ಕೂದಲಿಗಾಗಿ ಕ್ಷಮೆ ಕೇಳಿದ.

ಆಮೇಲಿನ ದಿನಗಳೇ ದಿನಗಳು. ಕಾರ್ಯಕ್ರಮ ಇನ್ನೂ ಅವನ ಕೈಯಲ್ಲೇ ಇತ್ತಲ್ಲ, ವಾಹಿನಿಯ ಮೈಕಿನಲ್ಲೇ ನಿಂತು ವಾಹಿನಿಯನ್ನು ದಿನಾ ಬೈದ. ಟುನೈಟ್ ಶೋ ಮಾರಾಟಕ್ಕಿದೆ ಎಂದು ಕ್ರೇಗ್ಸ್‌ಲಿಸ್ಟ್ ಎಂಬ ಜಾಲತಾಣದಲ್ಲಿ ಜಾಹೀರಾತು ಹಾಕಿದ. ಬುಗಾಟಿ ವೇರಾನ್ ಕಾರಿಗೆ ಇಲಿಯ ಕಿವಿ, ಮೀಸೆ ಕಟ್ಟಿ ವೇದಿಕೆಗೆ ತಂದು, ಹಿನ್ನೆಲೆಗೆ ರೋಲಿಂಗ್ ಸ್ಟೋನ್ಸ್ ಹಾಡು ಹಾಕಿ, ಇದಿಷ್ಟಕ್ಕೆ ವಾಹಿನಿಯ 15 ಲಕ್ಷ ಡಾಲರ್ ಢಮಾರ್ ಎಂದು ಘೋಷಿಸಿದ. (ಕಾರು ಎರವಲು, ಲೆಕ್ಕ ತಮಾಷೆ, ಆದರೆ ಕೇಳಿದವರ ಎದೆ ಒಂದು ಕ್ಷಣ ತಣ್ಣಗಾಯಿತು.)

ಘನತೆಯಿಂದ ಹೋದ ಅಂತ ಎಲ್ಲರೂ ಹೊಗಳುತ್ತಾರಲ್ಲ, ಹೊಗಳುವವರು ಈ ಬೈಗುಳದ ಭಾಗವನ್ನು ಹಾರಿಸಿಬಿಡುತ್ತಾರೆ. ನಮ್ಮ ಆಫೀಸುಗಳ ಬೀಳ್ಕೊಡುಗೆ ಸಮಾರಂಭ ನೋಡಿದ್ದೀರಿ ತಾನೆ? ಶಾಲು, ಹಾರ, ಹಣ್ಣಿನ ಬುಟ್ಟಿ. ಇಪ್ಪತ್ತು ವರ್ಷ ಮುಖ ಕೊಟ್ಟು ಮಾತಾಡದ ಮೇಲಧಿಕಾರಿ ‘ನಮ್ಮ ಕುಟುಂಬದ ಸದಸ್ಯರಿದ್ದಂತೆ’ ಎನ್ನುತ್ತಾರೆ, ಹೋಗುವವರು ಕಣ್ಣೊರೆಸಿಕೊಳ್ಳುತ್ತಾರೆ, ಮನೆಗೆ ಹೋಗಿ ಹೆಂಡತಿಯ ಮುಂದೆ ನಿಜ ಹೇಳುತ್ತಾರೆ. ಕೋನನ್ ನಿಜವನ್ನು ಮೊದಲೇ ಲಕ್ಷಾಂತರ ಜನರ ಮುಂದೆ ಹೇಳಿ ಮುಗಿಸಿದ್ದ. ಹಾಗಾಗಿ ಜನವರಿ 22ರ ಕಡೆಯ ರಾತ್ರಿ ಆತ ಎನ್‌ಬಿಸಿಗೆ ಕೃತಜ್ಞತೆ ಹೇಳಿದಾಗ ನಂಬಿಕೆ ಬಂತು. ಇಪ್ಪತ್ತು ವರ್ಷಕ್ಕೂ ಮೀರಿ ಇಲ್ಲೇ ದುಡಿದಿದ್ದೇನೆ, ಜಗಳವಾಯಿತು ನಿಜ, ಆದರೂ ಋಣವಿದೆ ಎಂಬ ಧಾಟಿಯ ಮಾತು. ಸಿನಿಕರಾಗಬೇಡಿ ಅಂತ ಹುಡುಗರನ್ನು ಬೇಡಿಕೊಂಡ. ಗಂಟಲು ಸ್ವಲ್ಪ ಕಟ್ಟಿತ್ತು. ಆಮೇಲೆ ಗಿಟಾರು ಹೆಗಲಿಗೇರಿಸಿಕೊಂಡ. ನಟ ವಿಲ್ ಫೆರೆಲ್ ಹಾಡಿದ, ಎಲ್ಲರೂ ಸೇರಿ ಗಲಾಟೆ ಎಬ್ಬಿಸಿ ಅಂಗಡಿ ಮುಚ್ಚಿದರು.

ಬಿಟ್ಟುಹೋಗಲು ವಾಹಿನಿ ಕೊಟ್ಟಂತೆ ನಾಲ್ಕೂವರೆ ಕೋಟಿ ಡಾಲರ್ ಕೊಟ್ಟರೆ ನಾನೂ ಘನತೆಯಿಂದ ಹೋಗುತ್ತೇನೆ ಅನ್ನುತ್ತಿದೆ ನಿಮ್ಮ ಮುಖ. ಅನ್ನಲಿ, ತಪ್ಪೇನಿಲ್ಲ. ಆದರೆ ಅದರಲ್ಲಿ ಸುಮಾರು 1.2 ಕೋಟಿ ಆತನ ಹಿಂದೆ ಊರು ಬಿಟ್ಟು ಬಂದ ಸಿಬ್ಬಂದಿಗೆ ಹೋಯಿತು. ಜೊತೆಗೆ ಷರತ್ತು: ಸೆಪ್ಟೆಂಬರ್ ತನಕ ಟಿವಿಯಲ್ಲಿ ಹೊಸ ಕಾರ್ಯಕ್ರಮ ನಡೆಸುವಂತಿಲ್ಲ. ಕೋನನ್ ಗಡ್ಡ ಬಿಟ್ಟ, ಥೇಟ್ ನಮ್ಮ ಸಿನಿಮಾಗಳಲ್ಲಿ ಪ್ರೇಮ ಮುರಿದವನ ಗಡ್ಡ. ‘ಟಿವಿಯಲ್ಲಿ ನಗಿಸಲು ಕಾನೂನಿನ ನಿಷೇಧ’ ಎಂಬರ್ಥದ ಹೆಸರಿಟ್ಟು ಊರೂರು ಸುತ್ತಿದ. ನವೆಂಬರಿನಲ್ಲಿ ಟಿಬಿಎಸ್ ಎಂಬ ಕೇಬಲ್ ಚಾನೆಲ್ ಸೇರಿ 2021ರವರೆಗೆ ಅಲ್ಲೇ ಇದ್ದ. ಲೆನೊ ಮಾರ್ಚ್ 1ಕ್ಕೇ ಹಳೆಯ ಮೇಜಿಗೆ ವಾಪಸ್ಸು ಬಂದಿದ್ದ. 2014ರಲ್ಲಿ ಅದು ಫಾಲನ್‌ನ ಪಾಲಾಯಿತು, 11.35ಕ್ಕೇ.

2025ರ ಮಾರ್ಚಿನಲ್ಲಿ ಕೋನನ್‌ನೇ ಆಸ್ಕರ್ ಸಮಾರಂಭ ನಡೆಸಿಕೊಟ್ಟ. ಆಗಲೂ ಹೊತ್ತಿನ ಲೆಕ್ಕ ಬಿಡಲಿಲ್ಲ. ಭಾರತದಲ್ಲಿ ಈಗ ತಿಂಡಿಯ ಸಮಯ ಎಂದು ನೆನೆದು ನಮಗೆಲ್ಲ ನಮಸ್ಕಾರ ಹೇಳಿದ. ಹೇಳಿದ್ದು ಹಿಂದಿಯಲ್ಲಿ. ಅಷ್ಟು ದೊಡ್ಡ ಮನುಷ್ಯ, ಜೊತೆಗೊಂದು ಕನ್ನಡದ ನಮಸ್ಕಾರವನ್ನೂ ಸೇರಿಸಿದ್ದರೆ ಅವನ ಗಂಟೇನು ಹೋಗುತ್ತಿತ್ತು?